ವೆಬ್ ವಿಳಾಸ ಅಂಟಿಸುವ ಮುನ್ನ

ಜಾವಾಸ್ಕ್ರಿಪ್ಟ್ ಬರೆಯುವವರೇ, ತುಂಡುಗಳ ನಡುವೆ ಪ್ಲಸ್ ಚಿಹ್ನೆ ಹಾಕಿ ವೆಬ್ ವಿಳಾಸ ಕಟ್ಟುವ ಚಾಳಿ ಬಿಟ್ಟುಬಿಡಿ. ಅವಸರಕ್ಕೇನೋ ಸಲೀಸು; ಬಳಕೆದಾರರು ಹುಡುಕು ಪೆಟ್ಟಿಗೆಯಲ್ಲಿ ಒಂದು '&' ಒತ್ತಿದರೆ ಸಾಕು, ಎಲ್ಲ ಎಡವಟ್ಟು. ಬ್ರೌಸರ್‌ನಲ್ಲೂ ನೋಡ್‌ನಲ್ಲೂ 'ಯುಆರ್‌ಎಲ್' ಎಂಬ ಕ್ಲಾಸ್ ಸಿದ್ಧವಾಗಿಯೇ ಇದೆ. ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಭಾಗವನ್ನು ಅದರ ಸರ್ಚ್‌ಪ್ಯಾರಮ್ಸ್‌ಗೆ ಒಪ್ಪಿಸಿ, ಎನ್‌ಕೋಡಿಂಗ್ ತಲೆನೋವು ಅದರದ್ದು.

ಸಾಪೇಕ್ಷ ವಿಳಾಸಗಳಲ್ಲಿ ಕಣ್ಣರಳಿಸಿ ನೋಡಿ. ಮೂಲ ವಿಳಾಸ '/ಅಂಗಡಿ/ಪುಸ್ತಕ' ಎಂದು ಮುಗಿದಿದ್ದರೆ, 'ಬೆಲೆ' ಸೇರಿಸಿದಾಗ ಸಿಗುವುದು '/ಅಂಗಡಿ/ಬೆಲೆ'. ಪುಸ್ತಕ ಉಳಿಯಬೇಕೇ? ಅದರ ಕೊನೆಗೊಂದು ಓರೆಗೆರೆ ಬೇಕೇ ಬೇಕು. ಮೂಲವನ್ನೇ ಕೊಡದಿದ್ದರೆ ಟೈಪ್‌ಎರರ್ ಬರುತ್ತದೆ, ಹಿಡಿಯಲು ಸಿದ್ಧರಿರಿ.

ನನಗೆ ನಿಜವಾಗಿ ದಿಗಿಲು ಹುಟ್ಟಿಸುವುದು ಬೇರೆ. ಲಾಗಿನ್ ಆದವರನ್ನು ಮುಂದಿನ ಪುಟಕ್ಕೆ ಕಳಿಸುವಾಗ, 'ಓರೆಗೆರೆಯಿಂದ ಶುರುವಾಗಿದೆ, ಹಾಗಾಗಿ ನಮ್ಮದೇ ತಾಣ' ಎಂದು ನಂಬಿಬಿಡುತ್ತೀರಿ. ಎರಡು ಓರೆಗೆರೆಯಿಂದ ಶುರುವಾದದ್ದು ಪರರ ತಾಣಕ್ಕೆ ಹೋಗುತ್ತದಪ್ಪ! ಹಿಮ್ಮುಖ ಓರೆಗೆರೆಯನ್ನೂ ಬ್ರೌಸರ್ ಹಾಗೆಯೇ ಓದುತ್ತದೆ. ವಂಚಕರು ನುಗ್ಗುವುದು ಈ ಕಿಂಡಿಯಲ್ಲೇ. ವಿಳಾಸವನ್ನು ನಿಮ್ಮ ಮೂಲದೊಂದಿಗೆ ಬಿಡಿಸಿ, ಬಂದ ಆರಿಜಿನ್ ನಿಮ್ಮದೇ ಎಂದು ಅಕ್ಷರಶಃ ಹೋಲಿಸಿ. 'ಇದರಿಂದ ಶುರುವಾಗುತ್ತದೆಯೇ' ಎಂಬ ಪರೀಕ್ಷೆ ಸಾಲದು. ಬೇರೆಯವರು ಕೊಟ್ಟ ಲಿಂಕ್‌ಗಳಲ್ಲಿ ಪ್ರೋಟೋಕಾಲ್ ಕೂಡ ನೋಡಿ: 'ಜಾವಾಸ್ಕ್ರಿಪ್ಟ್:' ಎಂದು ಆರಂಭವಾಗುವುದನ್ನೂ ಈ ಕ್ಲಾಸ್ ತಕರಾರಿಲ್ಲದೆ ಒಪ್ಪುತ್ತದೆ.

ಅಂದಹಾಗೆ, '.ಭಾರತ' ಎಂದು ಮುಗಿಯುವ ಕನ್ನಡ ವಿಳಾಸ ಕೊಟ್ಟರೆ ಹೋಸ್ಟ್‌ನೇಮ್ ಕನ್ನಡದಲ್ಲಿ ಮರಳುವುದಿಲ್ಲ, 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ರೋಮನ್ ರೂಪದಲ್ಲಿ ಬರುತ್ತದೆ. ಹೋಲಿಸುವ ಎರಡನ್ನೂ ಅದೇ ಕ್ಲಾಸ್ ಮೂಲಕ ಹಾಯಿಸಿ.