ಸನ್ನದು ಒಪ್ಪಿಸುವ ಮುನ್ನ

ತಂಗೀ, ವಕೀಲಿ ಬಿಟ್ಟು ಕಾನೂನು ಪಾಠ ಹೇಳಲು ಕಾಲೇಜು ಸೇರಿ, ಸಂಜೆಯೆಲ್ಲ ಕಥೆ ಬರೆಯಲು ಹೊರಟಿದ್ದೀಯಂತೆ. ಪೂರ್ಣಾವಧಿ ಸಂಬಳದ ನೌಕರಿ ಹಿಡಿದರೆ ಸನ್ನದನ್ನು ಅಮಾನತಿನಲ್ಲಿ ಇಡಲೇಬೇಕು, ಬಾರ್ ಕೌನ್ಸಿಲ್ ನಿಯಮ ಹಾಗಿದೆ. ಆದರೆ 1979ರ ಕೇಂದ್ರದ ನಿಯಮವನ್ನೂ ಒಮ್ಮೆ ತೆಗೆದು ಓದು. ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಪಾಠ ಹೇಳುವ ವಕೀಲರು ಕೋರ್ಟು ಬಿಡಬೇಕಾಗಿಲ್ಲ. ಬೆಳಗಿನ ತರಗತಿ ಸಿಗುತ್ತದೋ ಎಂದು ಮೊದಲು ಪ್ರಾಂಶುಪಾಲರನ್ನು ಕೇಳು.

ಬರೆಯಲು ಬಿಡುವು ಬೇಕು ಅನ್ನುತ್ತೀ. ಬಿಡುವಿನಿಂದಲೇ ಬರಹ ಹುಟ್ಟುವುದಾದರೆ ನಮ್ಮೂರ ಪಿಂಚಣಿದಾರರೆಲ್ಲ ಕಾದಂಬರಿಕಾರರಾಗಬೇಕಿತ್ತು. ಕೆರೂರು ವಾಸುದೇವಾಚಾರ್ಯರು ಬಾಗಲಕೋಟೆಯಲ್ಲಿ ವಕೀಲಿ ಮಾಡಿಕೊಂಡೇ ಕಾದಂಬರಿ, ಕಥೆ, ನಾಟಕ ಬರೆದರು, ಪತ್ರಿಕೆ ನಡೆಸಿದರು. ಶೇಕ್ಸ್‌ಪಿಯರನ ವೆನಿಸ್ ವರ್ತಕನನ್ನು ಸುರತ ನಗರದ ಶ್ರೇಷ್ಠಿ ಮಾಡಿದವರೂ ಅವರೇ. (ಒಂದು ಪೌಂಡ್ ಮಾಂಸಕ್ಕೆ ದಾವೆ ಹೂಡುವ ನಾಟಕ ವಕೀಲರ ಕಣ್ಣಿಗೆ ಬೀಳದೆ ಹೋದೀತೇ!) ಹಾಸನದ ಬಾನು ಮುಷ್ತಾಕ್ ಲಂಕೇಶ್ ಪತ್ರಿಕೆಗೆ ವರದಿ ಬರೆದವರು, ಆಮೇಲೆ ಕರಿಕೋಟು ತೊಟ್ಟವರು. ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದ 'ಹಾರ್ಟ್ ಲ್ಯಾಂಪ್'ನಲ್ಲಿರುವುದು 12 ಕಥೆಗಳು, 1990ರಿಂದ 2023ರವರೆಗೆ ಬರೆದವು. ಲೆಕ್ಕ ಹಾಕಿ ನೋಡು, ಅವಸರವೆಲ್ಲಿದೆ? ಆಲೂರು ವೆಂಕಟರಾಯರು ವಕೀಲಿ ಬಿಡಲಿಲ್ಲವೇ ಎಂದು ಎದುರು ವಾದಿಸುತ್ತೀ. ಬಿಟ್ಟರು, ನಾಡು ಕಟ್ಟುವುದಕ್ಕೆ. ನಿನಗೂ ಅಂಥದ್ದೇನಾದರೂ ಇದ್ದರೆ ನಾಳೆಯೇ ಬಿಡು, ನಾನು ಅಡ್ಡ ಬರುವುದಿಲ್ಲ.

ನಮ್ಮ ಕಸುಬಿನ ಕನ್ನಡದ ವಿಷಯದಲ್ಲಿ ಮಾತ್ರ ಎಚ್ಚರ. 'ಸದರಿ ಪ್ರತಿವಾದಿಯು ದುರುದ್ದೇಶದಿಂದ' ಎಂದು ಹಗಲೆಲ್ಲ ಬರೆಸಿದವಳ ಕಥೆಗೆ ರಾತ್ರಿ 'ಸದರಿ ಸೊಸೆಯು' ಬಂದು ಕೂರುತ್ತಾಳೆ. ಇದಕ್ಕೆ ನಾನು ಕಂಡ ಮದ್ದು ತರಗತಿಯೇ. ಸ್ವಾಧೀನಕ್ಕೂ ಮಾಲೀಕತ್ವಕ್ಕೂ ಏನು ಭೇದ ಎಂದು ಹಳ್ಳಿಯಿಂದ ಬಂದ ಹುಡುಗರಿಗೆ ತಿಳಿಯಬೇಕಾದರೆ ಅಪ್ಪನ ಹೊಲ, ಅದನ್ನು ಉಳುತ್ತಿರುವ ಚಿಕ್ಕಪ್ಪ, ಬದುವಿನ ಮೇಲಿನ ಹುಣಸೆಮರ ಎಲ್ಲವೂ ಮಾತಿಗೆ ಬರಬೇಕು. ತಿಳಿಯದಿದ್ದರೆ ಹಿಂದಿನ ಬೆಂಚು ಆಕಳಿಸಿ ತೋರಿಸುತ್ತದೆ. ನ್ಯಾಯಾಧೀಶರು ಅಷ್ಟು ಪ್ರಾಮಾಣಿಕವಾಗಿ ಆಕಳಿಸುವುದಿಲ್ಲ.

ಹಾಗೆಂದು ಕೋರ್ಟು ಕೊಡುವುದನ್ನು ಕಡೆಗಣಿಸಬೇಡ. ಪಾಟೀ ಸವಾಲಿನಲ್ಲಿ ಸಾಕ್ಷಿ ಎಲ್ಲಿ ತಡವರಿಸಿದ, ಯಾವ ಮಾತಿಗೆ ಸಿಟ್ಟಾದ, ಯಾವುದಕ್ಕೆ ಸುಮ್ಮನಾಗಿ ಕಟಕಟೆಯ ಅಂಚು ಹಿಡಿದ ಎಂಬುದನ್ನು ಯಾವ ಕಥಾ ಕಮ್ಮಟವೂ ಕಲಿಸುವುದಿಲ್ಲ. ಆದರೆ ಅಲ್ಲಿ ನೀನು ಒಬ್ಬರ ಪರ. ಕಥೆಯಲ್ಲೂ ಹಾಗೇ ನಿಂತರೆ ಕೆಟ್ಟಿತು. ನೀನು ಓದಲು ಕೊಟ್ಟ ಕಥೆಯಲ್ಲಿ ಆ ಅತ್ತೆಯ ಪರ ವಕಾಲತ್ತು ಹಾಕಿದವರೇ ಇಲ್ಲ, ಎಕ್ಸ್‌ಪಾರ್ಟಿ ತೀರ್ಪು ಕೊಟ್ಟುಬಿಟ್ಟಿದ್ದೀ. ಅವಳೂ ಒಂದು ಕಾಲಕ್ಕೆ ಸೊಸೆಯಾಗಿ ಆ ಮನೆಗೆ ಬಂದವಳಲ್ಲವೇ? ಅವಳಿಗೂ ಎರಡು ಪುಟ ಕೊಡು.

ಇನ್ನು ಕಕ್ಷಿದಾರರ ಗುಟ್ಟು. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಕೇಸು ಮುಗಿದ ಮೇಲೂ ನಿನ್ನ ಬಾಯಿ ಕಟ್ಟುತ್ತದೆ. ಹೆಸರು ಬದಲಿಸಿದೆ, ಊರು ಬದಲಿಸಿದೆ ಎನ್ನಬೇಡ. ತಾಲ್ಲೂಕಿನಲ್ಲಿ ಅದು ಯಾರ ಮನೆಯ ಕಥೆ ಎಂದು ಹೋಟೆಲಿನ ಮಾಣಿಗೂ ಗೊತ್ತಾಗುತ್ತದೆ. ಜನರ ಮಾತಿನ ಧಾಟಿಯನ್ನು ಎಷ್ಟು ಬೇಕಾದರೂ ಹೊತ್ತುಕೊಂಡು ಹೋಗು, ಕಟ್ಟಿನೊಳಗಿನ ಸಂಗತಿ ಕಟ್ಟಿನಲ್ಲೇ ಇರಲಿ.

ಅರೆಕಾಲಿಕ ಪಾಠದ ಗೌರವಧನ ನಿನ್ನ ಸ್ಕೂಟರಿನ ಪೆಟ್ರೋಲಿಗೂ ಸಾಲದೆ ಹೋದೀತು, ಮೊದಲೇ ಹೇಳಿರುತ್ತೇನೆ. ಮೇ ತಿಂಗಳಲ್ಲಿ ಸಿವಿಲ್ ಕೋರ್ಟಿಗೆ ರಜೆ. ಆಗ ಅತ್ತೆಯ ಆ ಎರಡು ಪುಟ ಬರೆದು ತಾ, ನೋಡೋಣ.