ದಾಳಿಂಬೆ ತೋಟದ ಪೆಟ್ರೋಲ್ ಪಂಪ್: ಯಾವುದು ಕೊಳ್ಳಬೇಕು, ಹೇಗೆ ಹದಗೊಳಿಸಬೇಕು?

ಜತ್ತ ತಾಲ್ಲೂಕಿನ ದಾಳಿಂಬೆ, ದ್ರಾಕ್ಷಿ ಬೆಳೆಗಾರರಿಗೆ ಮೋಡ ಕವಿದ ದಿನಗಳೆಂದರೆ ಪರೀಕ್ಷೆ. ದಾಳಿಂಬೆಯ ತೇಲ್ಯಾ (ದುಂಡಾಣು ಅಂಗಮಾರಿ) ರೋಗ ಹರಡುವ ಹೊತ್ತಿನಲ್ಲೇ, ಬೆನ್ನಿಗೆ ಹಾಕಿಕೊಂಡು ಔಷಧ ಹೊಡೆಯುವ ಪೆಟ್ರೋಲ್ ಪಂಪ್ ಮುಷ್ಕರ ಹೂಡುತ್ತದೆ. ಹೆಚ್ಚಿನ ಸಲ ದೋಷ ಎಂಜಿನ್ನಿನದ್ದಲ್ಲ, ಇಂಧನದ್ದು.

ಮೊದಲು ಆಯ್ಕೆ. ಟೂ ಸ್ಟ್ರೋಕ್ ಎಂಜಿನ್ ಹಗುರ, ರಿಪೇರಿ ಸುಲಭ; ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಫೋರ್ ಸ್ಟ್ರೋಕ್ ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಹೊಗೆಯೂ ಕಡಿಮೆ. ಅದರ ಆಯಿಲ್ ಬೇರೆ: ಹೋಂಡಾ ಜಿಎಕ್ಸ್35ರಂಥ 35.8 ಸಿಸಿ ಎಂಜಿನ್ನಿಗೆ ಬರೀ 100 ಮಿ.ಲೀ. ಅಷ್ಟನ್ನೂ ನೋಡದೆ ಓಡಿಸುವ ಆಳುಗಳ ಕೈಗೆ ಪಂಪ್ ಹೋಗುವುದಾದರೆ ಟೂ ಸ್ಟ್ರೋಕೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಮಿಶ್ರಣವನ್ನು ಅಂದಾಜಿನಲ್ಲಿ ಮಾಡಬೇಡಿ. ಕೈಪಿಡಿಯಲ್ಲಿ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್. 50:1 ಎಂದಿದ್ದರೆ 20 ಮಿ.ಲೀ.

ಹದಗೊಳಿಸುವಾಗ ಟ್ಯಾಂಕಿನಲ್ಲಿ ಔಷಧ ಬೇಡ, ಬರೀ ನೀರು ತುಂಬಿ. ಏರ್ ಫಿಲ್ಟರ್ ತೊಳೆದು ಒಣಗಿಸಿ. ನಮ್ಮ ಕಡೆಯ ಧೂಳಿಗೆ ಇದೇ ಅರ್ಧ ರಿಪೇರಿ. ಎಂಜಿನ್ ಬಿಸಿಯಾದ ಮೇಲೆ ಪೂರ್ತಿ ಎಕ್ಸಿಲರೇಟರ್ ಕೊಟ್ಟು, ನೀರು ಹೊಡೆಯುತ್ತಿರುವಾಗಲೇ ಥಟ್ಟನೆ ಬಂದ್ ಮಾಡಿ. ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಬಿಸ್ಕತ್ತಿನ ಬಣ್ಣವಿದ್ದರೆ ಕಾರ್ಬುರೇಟರಿನ ಸ್ಕ್ರೂ ಮುಟ್ಟಲೇಬೇಡಿ. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಬಿಳಿಚಿಕೊಂಡಿದ್ದರೆ ಕಡಿಮೆಯಾಗಿದೆ, ಇದೇ ಅಪಾಯ: ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಜತೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗುತ್ತದೆ.

ಕಾರ್ಬುರೇಟರಿಗೆ ಎಚ್ ಎಂಬ ಸ್ಕ್ರೂ ಇದ್ದರೆ, ಈಗ ಎಷ್ಟು ಸುತ್ತು ಬಿಚ್ಚಿದೆ ಎಂದು ಬರೆದಿಟ್ಟುಕೊಂಡು ಎಂಟನೇ ಒಂದು ಸುತ್ತಿನಷ್ಟೇ ತಿರುಗಿಸಿ. ಬಿಗಿದರೆ ಪೆಟ್ರೋಲ್ ಕಡಿಮೆ, ಬಿಚ್ಚಿದರೆ ಹೆಚ್ಚು. ಪ್ರತಿ ಸಲವೂ ಪ್ಲಗ್ ನೋಡಿ. ಅನುಮಾನ ಬಂದರೆ ತುಸು ಬಿಚ್ಚಿದ ಕಡೆಗೇ ನಿಲ್ಲಿಸಿ. ಸ್ವಲ್ಪ ಹೊಗೆ ಬಂದರೆ ಬರಲಿ.

ಈಗಿನ ಬಂಕ್ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಹಂಗಾಮು ಮುಗಿದ ದಿನವೇ ಇಂಧನದ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೂ ಎಂಜಿನ್ ಓಡಿಸಿ ಒಳಗಿಡಿ.