ಎರಡು ಬಿಂದುಗಳಿಂದ ಸರಳರೇಖೆಯ ಸಮೀಕರಣ

ಮೇಲಿನ ತರಗತಿಗಳ ವಿದ್ಯಾರ್ಥಿಗಳು ಸರಳರೇಖೆಯ ಸಮೀಕರಣವನ್ನು ನಿರರ್ಗಳವಾಗಿ ಒಪ್ಪಿಸುವರು. ಅದು ಹೇಗೆ ಬಂದಿತೆಂದು ಕೇಳಿದರೆ ನೆಲ ನೋಡುವರು. ವಾಸ್ತವದಲ್ಲಿ ಅದು ಕೆಳತರಗತಿಯಲ್ಲಿ ಕಲಿತ ತ್ರೈರಾಶಿಕವೇ ಹೊರತು ಬೇರೆಯಲ್ಲ.

ಮಗುವೊಂದಕ್ಕೆ ಜ್ವರ ಬಂದಿದೆಯೆನ್ನಿ. ಆಸ್ಪತ್ರೆಯ ಚೀಟಿಯಲ್ಲಿ ಸೆಲ್ಸಿಯಸ್ ೩೯.೫ ಡಿಗ್ರಿ ಎಂದು ಬರೆದಿದೆ. ನೂರು, ನೂರೆರಡು ಎಂದು ಫ್ಯಾರನ್‌ಹೀಟ್ ಲೆಕ್ಕದಲ್ಲಿಯೇ ಜ್ವರವನ್ನು ಅರಿತ ಅಜ್ಜಿಗೆ ಅದು ಅಲ್ಪವೋ ಅಧಿಕವೋ ತಿಳಿಯದು. ಶಾಲೆಗೆ ಹೋಗುವ ಮೊಮ್ಮಗನು ಉತ್ತರ ಹೇಳಬೇಕು.

ಅವನಿಗೆ ಎರಡು ಸಂಗತಿಗಳು ಗೊತ್ತು. ಸಾಮಾನ್ಯ ವಾಯುಭಾರದಲ್ಲಿ ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್ ೦, ಫ್ಯಾರನ್‌ಹೀಟ್ ೩೨ರಲ್ಲಿ. ಕುದಿಯುವುದು ಕ್ರಮವಾಗಿ ೧೦೦ ಮತ್ತು ೨೧೨ರಲ್ಲಿ. ಸೆಲ್ಸಿಯಸ್ ಬೆಲೆಯನ್ನು ಕ್ಷ ಎಂದೂ ಫ್ಯಾರನ್‌ಹೀಟ್ ಬೆಲೆಯನ್ನು ಯ ಎಂದೂ ಕರೆದರೆ (೦, ೩೨), (೧೦೦, ೨೧೨) ಎಂಬ ಎರಡು ಬಿಂದುಗಳು ದೊರೆಯುವುವು. ಎರಡು ಮಾಪಕಗಳಲ್ಲಿಯೂ ಡಿಗ್ರಿಗಳು ಸಮಭಾಗಗಳಾದುದರಿಂದ ಇವನ್ನು ಸೇರಿಸುವುದು ಸರಳರೇಖೆಯೇ.

ಆತುರದ ಹುಡುಗನು ‘೧೦೦ಕ್ಕೆ ೨೧೨ ಆದರೆ ೩೯.೫ಕ್ಕೆ ಎಷ್ಟು?’ ಎಂದು ತ್ರೈರಾಶಿಕ ಹೂಡಿ, ಸುಮಾರು ೮೪ ಎನ್ನುವನು. ಜ್ವರವೇ ಇಲ್ಲವೆಂದಾಯಿತು! ತಪ್ಪು ತ್ರೈರಾಶಿಕದ್ದಲ್ಲ, ಈ ರೇಖೆಯು ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ಆದಕಾರಣ ಪ್ರಮಾಣವನ್ನು ಬೆಲೆಗಳಿಗಲ್ಲ, ಬೆಲೆಗಳ ವ್ಯತ್ಯಾಸಗಳಿಗೆ ಅನ್ವಯಿಸಬೇಕು. ಕ್ಷ ೧೦೦ರಷ್ಟು ಹೆಚ್ಚಿದಾಗ ಯ ೧೮೦ರಷ್ಟು ಹೆಚ್ಚುವುದು. ಆದುದರಿಂದ

(ಯ − ೩೨) / (ಕ್ಷ − ೦) = ೧೮೦ / ೧೦೦ = ೯ / ೫

ಅರ್ಥಾತ್ ಯ = (೯/೫) ಕ್ಷ + ೩೨. ಕ್ಷ ಇದ್ದಲ್ಲಿ ೩೯.೫ನ್ನು ಇಟ್ಟರೆ ೭೧.೧ + ೩೨ = ೧೦೩.೧. ಅಜ್ಜಿಯು ಒದ್ದೆಬಟ್ಟೆ ತರಲು ಏಳುವಳು.

ಬಿಂದುಗಳು (ಕ್ಷ೧, ಯ೧), (ಕ್ಷ೨, ಯ೨) ಆಗಿದ್ದರೆ ಇದೇ ಮಾತು ಹೀಗಾಗುವುದು:

(ಯ − ಯ೧) / (ಕ್ಷ − ಕ್ಷ೧) = (ಯ೨ − ಯ೧) / (ಕ್ಷ೨ − ಕ್ಷ೧)

ಬಲಗಡೆಯ ಪ್ರಮಾಣವೇ ರೇಖೆಯ ಪ್ರವಣತೆ. ಅಂಶದಲ್ಲಿ ಯಾವ ಬಿಂದುವನ್ನು ಮೊದಲು ಹಿಡಿದಿರೋ ಛೇದದಲ್ಲಿಯೂ ಅದನ್ನೇ ಮೊದಲು ಹಿಡಿಯಬೇಕು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯೇ. ಕ್ಷ೧, ಕ್ಷ೨ ಸಮವಾದರೆ ಛೇದವು ಶೂನ್ಯವಾಗುವುದು; ಆಗ ರೇಖೆಯು ನೆಟ್ಟಗೆ ನಿಂತಿದ್ದು, ಸಮೀಕರಣವು ಕ್ಷ = ಕ್ಷ೧ ಎಂದಷ್ಟೇ.

ಆಂಡರ್ಸ್ ಸೆಲ್ಸಿಯಸ್ ಎಂಬ ಸ್ವೀಡನ್ನಿನ ಖಗೋಳಜ್ಞನು ೧೭೪೨ರಲ್ಲಿ ತನ್ನ ಮಾಪಕವನ್ನು ಪ್ರಕಟಿಸಿದಾಗ ಕುದಿಯುವ ನೀರಿಗೆ ೦, ಹೆಪ್ಪುಗಟ್ಟುವ ನೀರಿಗೆ ೧೦೦ ಎಂದಿಟ್ಟಿದ್ದನು. ಅದನ್ನು ತಿರುವಿದುದು ಅನಂತರ. ಆ ಮೊದಲಿನ ಮಾಪಕಕ್ಕೆ (೦, ೨೧೨), (೧೦೦, ೩೨) ಎಂಬ ಬಿಂದುಗಳಿಂದ ಸಮೀಕರಣವನ್ನು ವಿದ್ಯಾರ್ಥಿಗಳು ತಾವೇ ಪಡೆಯಲಿ. ಪ್ರವಣತೆಯು ಋಣಚಿಹ್ನೆಯೊಡನೆ ಬರುವುದು, ಗಾಬರಿಪಡಬೇಕಾಗಿಲ್ಲ.